ರಾಹುಕಾಲದಲ್ಲಿ ಸಿಕ್ಕಿಕೊಂಡ ರೊಟ್ಟಿ ಲೈಸೆನ್ಸು

ಊರಿಗೆಲ್ಲ ಬುದ್ಧಿ ಹೇಳುವವರಿಗೆ ಮನೆಯಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ. ಸಣ್ಣಪುಟ್ಟ ವ್ಯಾಪಾರಿಗಳು ಡಿಜಿಟಲ್ ಆಗುವುದು ಹೇಗೆಂದು ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ನಮ್ಮ ಮನೆಯಲ್ಲಿ ಮಾತ್ರ ನನ್ನ ಪಾಠ ಕೇಳುವವರಿಲ್ಲ. ಹೆಂಡತಿ ಸುಧಾ ಧಾರವಾಡದವಳು. ದೀಪಾವಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೆ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ, ಲೈಸೆನ್ಸು ಬೇಕು. ಅದು ಕೈಗೆ ಬರುವವರೆಗೆ ಒಂದು ರೊಟ್ಟಿಯನ್ನೂ ಮಾರುವಂತಿಲ್ಲ. ಹಬ್ಬವೋ ಹತ್ತಿರ ಬಂದಿತ್ತು.

ಮೊದಲಾದರೆ ಕೌನ್ಸಿಲ್ ಕಚೇರಿಯ ಕೌಂಟರಿನಲ್ಲಿ ಒಬ್ಬ ಆಂಟಿ ಇರುತ್ತಿದ್ದರು. ಹವಾಮಾನದ ಬಗ್ಗೆ ನಾಲ್ಕು ಮಾತಾಡಿದರೆ ಅರ್ಜಿಯನ್ನು ಅವರೇ ತುಂಬಿಕೊಡುತ್ತಿದ್ದರು. ಈಗ ಆಡಳಿತ ಸುಧಾರಣೆಯಾಗಿ ಕೌಂಟರ್ ಮುಚ್ಚಿದೆ, ಎಲ್ಲವೂ ಆನ್‌ಲೈನ್. ಸುಧಾಳಿಗೆ ಬೇಜಾರಾದರೆ ನನಗೆ ಖುಷಿಯೋ ಖುಷಿ. "ಇದು ನನ್ನ ಡಿಪಾರ್ಟ್‌ಮೆಂಟು, ನೀನು ಆರಾಮಾಗಿರು" ಎಂದು ಲ್ಯಾಪ್‌ಟಾಪ್ ಎಳೆದುಕೊಂಡೆ.

ಅಡುಗೆಮನೆಯ ನಕ್ಷೆ, ಸಿಂಕಿನ ಫೋಟೊ, ಫ್ರಿಜ್ಜಿನ ಉಷ್ಣಾಂಶದ ವಿವರ ಎಲ್ಲ ಅಪ್‌ಲೋಡ್ ಮಾಡಿದೆ. ಇನ್ನು ಸಬ್ಮಿಟ್ ಒತ್ತಬೇಕು, ಆಗ ಗೋಡೆಯ ಪಂಚಾಂಗ ಕಣ್ಣಿಗೆ ಬಿತ್ತು. ರಾಹುಕಾಲ! ಇಂಥದ್ದನ್ನೆಲ್ಲ ನಂಬದವನೆಂದು ಆಫೀಸಿನಲ್ಲಿ ನನಗೆ ಹೆಸರಿದೆ. ಆದರೂ ಶುಭಕಾರ್ಯ ನೋಡಿ, ಬೆರಳು ಹಿಂದೆ ಬಂತು.

"ಒತ್ತಿಬಿಡ್ರೀ. ಕೌನ್ಸಿಲ್‌ನವರಿಗೆ ಎಲ್ಲಿ ರಾಹುಕಾಲ ಹಚ್ಚೀರಿ?" ಎಂದಳು ಸುಧಾ.

"ಸ್ವಲ್ಪ ತಡಿ ಮಾರಾಯ್ತಿ, ಅದು ಮುಗೀಲಿ" ಎಂದು ಚಹಾ ಕುಡಿಯುತ್ತ ಕೂತೆ. ರಾಹು ತೊಲಗಿದ ಮೇಲೆ ಭಕ್ತಿಯಿಂದ ಒತ್ತಿದರೆ, ಬಹಳ ಹೊತ್ತು ಸುಮ್ಮನಿದ್ದಿರೆಂದು ಪೋರ್ಟಲ್ ನನ್ನನ್ನು ಹೊರಗೆ ಹಾಕಿತ್ತು. ತುಂಬಿದ್ದೆಲ್ಲ ಮಾಯ. ಕೌನ್ಸಿಲನ್ನು ಬಾಯಿಗೆ ಬಂದಂತೆ ಬೈದೆ. ನಿಜಕ್ಕೂ ಅಳು ಬರುವಂತಾಗಿತ್ತು.

ಸುಧಾ ಫೋನ್ ಹಿಡಿದು, ಒಲೆ ಮೇಲಿನ ಬೇಳೆ ಬೇಯುವಷ್ಟರಲ್ಲಿ ಎಲ್ಲವನ್ನೂ ಮತ್ತೆ ತುಂಬಿ ಕಳಿಸಿಯೇಬಿಟ್ಟಳು. ಹಬ್ಬಕ್ಕೆ ಮೊದಲೇ ಲೈಸೆನ್ಸೂ ಬಂತು. ಅದೇ ಹುಮ್ಮಸ್ಸಿನಲ್ಲಿ ಆರ್ಡರ್ ತೆಗೆದುಕೊಳ್ಳಲು ತನ್ನದೇ ಒಂದು ವೆಬ್‌ಸೈಟನ್ನೂ ಮಾಡಿಕೊಂಡಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಈಗ ಶನಿವಾರಗಳಲ್ಲಿ ಮನೆಮನೆಗೆ ರೊಟ್ಟಿ ತಲುಪಿಸುವ ಕೆಲಸ ನನ್ನದು. ನೆಮ್ಮದಿಯ ಕೆಲಸವೇ. ಮೊನ್ನೆ ವೆಬ್‌ಸೈಟಿನಲ್ಲಿ ಗಿರಾಕಿಯೊಬ್ಬರು ಬರೆದ ಅಭಿಪ್ರಾಯವನ್ನು ಸುಧಾ ಗಟ್ಟಿಯಾಗಿ ಓದಿ ಹೇಳಿದಳು: "ರೊಟ್ಟಿ ಭಾಳ ಚಲೋ ಅದಾವ. ತಂದುಕೊಡೋ ಅಂಕಲ್ ಮಾತ್ರ ಬಾಗಿಲಾಗ ನಿಂತು ಡಿಜಿಟಲ್ ಬಗ್ಗೆ ಭಾಷಣ ಮಾಡ್ತಾರ. ರೊಟ್ಟಿ ಆರತಾವ."