ಗುಡ್ಡದ ತುದಿಯ ನಲ್ಲಿ

"ಇವತ್ತು ಒಪ್ಪಿಗೆ ಸಿಗದೇ ಹೋದ್ರೆ, ನಾಳೆಯಿಂದ ನೀರು ನೀವೇ ಹೊರಬೇಕು!" ಎಂದು ಹೆಂಡತಿ ಖಾಲಿ ಕೊಡವನ್ನು ಕುಕ್ಕಿದಳು.

"ಮುಂದಿನ ತಿಂಗಳು ಅಡುಗೆಮನೇಲೇ ನಲ್ಲಿ ಇರುತ್ತೆ ಕಣೇ" ಎಂದುಬಿಟ್ಟ ಪೈಪಣ್ಣ. ನೀರು ಸರಬರಾಜು ಕಚೇರಿಯ ಈ ಇಂಜಿನಿಯರನ ನಿಜವಾದ ಹೆಸರು ಊರಿಗೆ ಮರೆತೇಹೋಗಿತ್ತು. ಗುಡ್ಡದ ಬಡಾವಣೆಗೆ ನೀರು ಹತ್ತಿಸುವ ಯೋಜನೆ ಅವನದೇ. ಅವನ ಮನೆಯೂ ಆ ಬಡಾವಣೆಯಲ್ಲೇ.

ಸಭೆಗೆ ಬಡಾವಣೆಗೆ ಬಡಾವಣೆಯೇ ಬಂದಿತ್ತು. ಮೇಲಧಿಕಾರಿ ಮೇಡಂ ನಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು.

"ಟ್ಯಾಂಕು ತುದೀಲೇ ಬೇಕೇನ್ರೀ? ಅಷ್ಟೆತ್ತರಕ್ಕೆ ನೀರೆತ್ತೋ ಪಂಪು ಕರೆಂಟು ಕುಡಿಯುತ್ತೆ. ಆ ಕರೆಂಟಿಗೆ ಕಲ್ಲಿದ್ದಲು ಉರೀಬೇಕು. ಖರ್ಚೂ ಜಾಸ್ತಿ, ಕಾರ್ಬನ್ನೂ ಜಾಸ್ತಿ. ಎರಡೂ ಇಳೀದಿದ್ರೆ ಯೋಜನೆ ರದ್ದು."

"ಪಂಪಿಗೆ ಭಾನುವಾರ ರಜಾ ಕೊಡಿ" ಎಂದರು ಮೀಸೆ ತಾತ.

"ಭಾನುವಾರ ನೀವು ಸ್ನಾನ ಮಾಡಲ್ವಾ?" ಎಂದಳು ದರ್ಜಿ ಅಕ್ಕ.

"ಈಗಲೂ ಮಾಡಲ್ಲ!"

ನಗು ಅಡಗಿದ ಮೇಲೆ ಮೇಡಂ, "ಟ್ಯಾಂಕನ್ನ ಕೆಳಗಿನ ಬಂಡೆ ಹತ್ರ ಇಳಿಸಿದ್ರೆ ಚಿಕ್ಕ ಪಂಪು ಸಾಕು. ತುದಿಯ ಒಂದು ನಲ್ಲಿ ಬಿಟ್ಟು ಎಲ್ಲರಿಗೂ ನೀರು" ಎಂದರು.

ಪೈಪಣ್ಣ ಗಡಿಬಿಡಿಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟ. "ಮೇಡಂ, ಆ ಒಂದು ನಲ್ಲಿ..." ಎನ್ನುವಷ್ಟರಲ್ಲಿ ಹೆಂಡತಿ ಎದ್ದು ನಿಂತಳು.

"ತುದೀಲಿರೋದು ಆ ಕಂಟ್ರಾಕ್ಟರ್ ಬಂಗಲೆ ತಾನೇ? ಅವರೊಬ್ಬರಿಗೋಸ್ಕರ ಊರಿಗೆಲ್ಲ ಹೊಗೆ ಕುಡಿಸ್ಬೇಕಾ? ಬಿಟ್ಟಾಕಿ ಮೇಡಂ!"

ಪೈಪಣ್ಣ ಕಣ್ಣು ಮಿಟುಕಿಸಿದ, ಕೆಮ್ಮಿದ, ಮತ್ತೆ ಮಿಟುಕಿಸಿದ. ಅವಳ ದನಿ ಇನ್ನೂ ಏರಿತು. ಚಪ್ಪಾಳೆಯ ನಡುವೆ ಮೇಡಂ ಒಪ್ಪಿಗೆ ಕೊಟ್ಟೇಬಿಟ್ಟರು.

ದಾರಿಯುದ್ದಕ್ಕೂ ಅವಳಿಗೆ ಸನ್ಮಾನ. "ನಿಮ್ಮಿಂದ ನಮ್ಮನೆಗೆ ನೀರು ಬಂತಮ್ಮ" ಎಂದು ದರ್ಜಿ ಅಕ್ಕ ಕೈಹಿಡಿದು ಕಣ್ಣೀರು ಹಾಕಿದಳು. ಪೈಪಣ್ಣನಿಗೂ ಖುಷಿಯೇ, ಆದರೆ ಯಾರ ಹತ್ತಿರವೂ ನಿಲ್ಲದೆ ಸರಸರನೆ ಹೆಜ್ಜೆ ಹಾಕಿದ.

ಮನೆಗೆ ಬಂದು ಬಾಗಿಲು ಹಾಕಿಕೊಂಡ. "ಕಂಟ್ರಾಕ್ಟರಿಗೆ ಸ್ವಂತ ಬೋರ್‌ವೆಲ್ ಇದೆ ಕಣೇ. ಅವರು ನಲ್ಲಿ ಬೇಕು ಅಂತ ಕೇಳೇ ಇಲ್ಲ. ಅವರ ಬಂಗಲೆ ಬಿಟ್ರೆ ಎಲ್ಲರಿಗಿಂತ ಮೇಲಿರೋದು ನಮ್ಮನೆ. ತುದಿಯ ನಲ್ಲಿ ನಮ್ಮದೇ."

ಅವಳು ಮೂಲೆಯ ಖಾಲಿ ಕೊಡವನ್ನೇ ನೋಡಿದಳು. ಕೊಂಚ ಹೊತ್ತಿಗೆ ನಗು ತಡೆಯಲಾಗಲಿಲ್ಲ.

"ಹೋಗ್ಲಿ, ಗುಡ್ಡದ ಬುಡದ ತನಕ ಇಳಿಯೋದಾದ್ರೂ ತಪ್ಪಿತು. ನಮ್ಮಿಂದ ಸ್ವಲ್ಪ ಕೆಳಗಿರೋ ದರ್ಜಿ ಅಕ್ಕನ ಮನೇಲೇ ಹಿಡ್ಕೊಂಡ್ರಾಯ್ತು. ಅಲ್ರೀ, ಅಲ್ಲೇ ಒಂದು ಸನ್ನೆ ಮಾಡೋಕೆ ಏನಾಗಿತ್ತು?"

"ರೆಪ್ಪೆ ಉದುರೋ ಹಾಗೆ ಕಣ್ಣು ಮಿಟುಕಿಸಿದ್ನಲ್ಲೇ!"

"ಅಯ್ಯೋ! ಮದುವೆಯಾದಾಗಿನಿಂದ ಮೊದಲ ಸಲ ನನ್ನ ಮಾತು ಮೆಚ್ಕೊಂಡ್ರಿ ಅಂತ, ಇನ್ನೂ ನಾಲ್ಕು ಮಾತು ಜೋರಾಗೇ ಆಡಿದ್ನಲ್ರೀ!"