ಐವತ್ತಾರನೇ ವಯಸ್ಸಿನ ಕಾಲೇಜು ಟೂರು

ಬೇರೆಯವರು ಇಟಲಿಗೆ ಹೋಗಿ ಬಂದರೆ ಫೋಟೋ ತೋರಿಸ್ತಾರೆ. ನಾನು ಹೋಗಿ ಬಂದಾಗ ನಮ್ಮನೆಯವರು, "ಫೋಟೋ ಆಮೇಲೆ ನೋಡೋಣ, ಮೊದಲು ಏನೇನು ಅವಾಂತರ ಆಯ್ತು ಹೇಳು" ಅಂತ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತಾರು ವರ್ಷ ಜೊತೆಗಿದ್ದವರಿಗೆ ಗೊತ್ತು, ನಾನು ಹೋದ ಕಡೆ ಏನಾದರೂ ಒಂದು ಆಗೇ ಆಗತ್ತೆ ಅಂತ.

ಮೈಸೂರಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನಗೆ ಮದುವೆ ಆಯ್ತು, ಪುಸ್ತಕ ಅಟ್ಟ ಸೇರಿತು. ಆಮೇಲೆ ಅಮೆರಿಕದ ಮೆಟುಚೆನ್‌ಗೆ ಬಂದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ, ಮಗ ಕೆಲಸಕ್ಕೆ ಸೇರಿದ ಮೇಲೆ, ಬಿಟ್ಟ ಓದು ಮುಗಿಸಿಯೇ ಸಾಯ್ತೀನಿ ಅಂತ ಹಟ ಹಿಡಿದು ಇಲ್ಲೇ ಒಂದು ಕಮ್ಯೂನಿಟಿ ಕಾಲೇಜು ಸೇರಿದೆ. ಎರಡು ವರ್ಷದ ಡಿಗ್ರಿ. ಕೊನೇ ಸೆಮಿಸ್ಟರ್‌ನಲ್ಲಿ ಕಲೆಯ ಇತಿಹಾಸ ಅನ್ನೋ ಒಂದೇ ಒಂದು ಸಬ್ಜೆಕ್ಟ್ ಉಳಿದಿತ್ತು. ಅದಕ್ಕೆ ಸ್ಪ್ರಿಂಗ್ ಬ್ರೇಕ್‌ನಲ್ಲಿ ಐದು ದಿನ ಫ್ಲಾರೆನ್ಸ್ ಟೂರು. ಅಲ್ಲಿ ಒಬ್ಬೊಬ್ಬರೂ ಒಂದೊಂದು ಜಾಗದ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಅರ್ಧ ಮಾರ್ಕ್ಸ್ ಅದಕ್ಕೇ. ಮಾತಾಡದಿದ್ದರೆ ಫೇಲು, ಫೇಲಾದರೆ ಡಿಗ್ರಿ ಇಲ್ಲ.

ಹತ್ತು ನಿಮಿಷ ಅಂದರೆ ನಿಮಗೆ ನಗು ಬರಬಹುದು. ಅಷ್ಟು ವರ್ಷ ಅಮೆರಿಕದಲ್ಲಿದ್ದರೂ ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಮಗನ ಸ್ಕೂಲಿನಲ್ಲಿ ಎಲ್ಲ ಕಡೆ ಮಾತಾಡಿದವರು ನಮ್ಮನೆಯವರು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದವಳು. ಇಂಗ್ಲಿಷಿನಲ್ಲಿ ಒಟ್ಟಿಗೆ ಹತ್ತು ನಿಮಿಷ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ.

ಬಲಗಡೆ

ಪ್ರೊಫೆಸರ್ ನನ್ನ ಮಗನಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಿರಬಹುದು, ಅಷ್ಟೇ. ಆದರೂ ಮೇಷ್ಟ್ರು ಮೇಷ್ಟ್ರೇ ತಾನೆ. ಮೊದಲ ದಿನ ಅವರು ಒಳಗೆ ಬಂದ ತಕ್ಷಣ ನನ್ನ ಕಾಲುಗಳು ತಾವಾಗೇ ಎದ್ದು ನಿಂತುಬಿಟ್ಟವು. ಹಿಂತಿರುಗಿ ನೋಡಿದರೆ ಇಡೀ ಕ್ಲಾಸು ಕೂತಿದೆ. ಒಬ್ಬ ಮಹಾರಾಯ ಮುಂದಿನ ಕುರ್ಚಿ ಮೇಲೆ ಕಾಲು ಹಾಕಿಕೊಂಡು ಬಾಳೆಹಣ್ಣು ತಿನ್ತಿದ್ದಾನೆ.

ಪ್ರೊಫೆಸರ್ ನನ್ನನ್ನು ನೋಡಿ ಮೆತ್ತಗೆ, "ರೆಸ್ಟ್‌ರೂಮ್ ಹೊರಗೆ ಹೋಗಿ ಬಲಗಡೆ" ಅಂದರು.

ಅದಕ್ಕಲ್ಲ ಅಂತ ಹೇಳೋಕೆ ನಾಚಿಕೆ, ಸುಮ್ಮನೆ ಕೂರೋಕೂ ನಾಚಿಕೆ. ಹೋಗಿ ಕೈ ತೊಳೆದುಕೊಂಡು ಬಂದೆ. ಎರಡನೇ ಕ್ಲಾಸಿಗೂ ಮರೆತು ಎದ್ದೆ, ಮತ್ತೆ ಬಲಗಡೆ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಪಾಪ, ಅವರೇ ನನ್ನ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದರು.

ನೀಲಿ ಚೀಟಿ

ಟೂರಿಗೆ ಮುಂಚೆ ಮನೆಯವರನ್ನೂ ಕರೆದುಕೊಂಡು ಬನ್ನಿ ಅಂತ ಕಾಲೇಜಿನಲ್ಲಿ ಒಂದು ಸಭೆ ಇಟ್ಟಿದ್ದರು. ನಮ್ಮನೆಯವರಿಗೆ ಆಫೀಸು, ಮಗ ಬಂದ. ಬಾಗಿಲಲ್ಲಿ ಕೂತಿದ್ದ ಹೆಂಗಸು ಅವನ ಎದೆಗೆ 'ಸ್ಟೂಡೆಂಟ್' ಅನ್ನೋ ಕೆಂಪು ಚೀಟಿ, ನನ್ನ ಎದೆಗೆ 'ಪೇರೆಂಟ್' ಅನ್ನೋ ನೀಲಿ ಚೀಟಿ ಅಂಟಿಸಿಯೇಬಿಟ್ಟಳು. ಮಗ ನಗುತ್ತಾ ಎರಡನ್ನೂ ಕಿತ್ತು ಅದಲು ಬದಲು ಮಾಡಿ ಹಾಕಿದ.

ನೀಲಿ ಚೀಟಿ ಹತ್ತಿದ್ದೇ ಹತ್ತಿದ್ದು, ಅವನ ಗತ್ತೇ ಬೇರೆ ಆಯ್ತು. ಪ್ರಶ್ನೆ ಕೇಳಿ ಅಂದಾಗ ಎಲ್ಲರಿಗಿಂತ ಮೊದಲು ಎದ್ದು, "ರಾತ್ರಿ ಎಷ್ಟು ಗಂಟೆಯೊಳಗೆ ರೂಮಿಗೆ ಬಂದಿರಬೇಕು?" ಅಂತ ಕೇಳಿದ. ಸುತ್ತ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ, ಒಳ್ಳೇ ಪ್ರಶ್ನೆ ಅಂತ ತಲೆ ಆಡಿಸಿದರು. ನಾನು ತಲೆ ತಗ್ಗಿಸಿ ಕೂತೆ.

ಕಾರಿನಲ್ಲಿ ವಾಪಸ್ ಬರುವಾಗಲೂ ಬಿಡಲಿಲ್ಲ. "ತಲುಪಿದ ತಕ್ಷಣ ಫೋನ್ ಮಾಡು. ಹೊರಗಡೆ ಸಿಕ್ಕಿದ್ದೆಲ್ಲ ತಿನ್ನಬೇಡ. ಸ್ವೆಟರ್ ಹಾಕ್ಕೋ. ಹುಡುಗರ ಜೊತೆ ಜಾಸ್ತಿ ಓಡಾಡಬೇಡ." ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವನು ಅವನು. ಅಷ್ಟು ಚೆನ್ನಾದ ಕನ್ನಡ ಅವನ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು. ಒಂದು ವಾಕ್ಯವೂ ತಪ್ಪಿಲ್ಲ, ಎಲ್ಲ ನನ್ನದೇ.

ಟ್ರೈನಿನಲ್ಲಿ ಬರೆದ ಭಾಷಣ

ನನಗೆ ಬಂದ ಜಾಗ ಊರಿನ ದೊಡ್ಡ ಚೌಕದಲ್ಲಿರುವ ಒಂದು ಕಮಾನಿನ ಮಂಟಪ. ಅದರ ತುಂಬಾ ವಿಗ್ರಹಗಳು. "ನೀನೇನೂ ಹೆದರಬೇಡ, ಭಾಷಣ ನಾನು ಬರೆದುಕೊಡ್ತೀನಿ" ಅಂದರು ನಮ್ಮನೆಯವರು. ದಿನಾ ಮ್ಯಾನ್‌ಹ್ಯಾಟನ್‌ಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡುವವರು, ಹೋಗ್ತಾ ಬರ್ತಾ ಒಂದು ವಾರ ಕೂತು ಬರೆದರು. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟರು.

ಓದಿದೆ. "ಗುಡ್ ಮಾರ್ನಿಂಗ್ ಟೀಮ್" ಅಂತ ಶುರು. ಆಮೇಲೆ ವಿಗ್ರಹಗಳ ಕರೆಂಟ್ ಸ್ಟೇಟಸ್ಸು. ಕೊನೆಗೆ ನೆಕ್ಸ್ಟ್ ಸ್ಟೆಪ್ಸು.

"ರೀ, ಇದನ್ನ ಕೆತ್ತಿದವನು ಸತ್ತು ನಾನೂರು ವರ್ಷ ಮೇಲಾಯ್ತು. ಅವನಿಗೆ ಇನ್ನೇನು ನೆಕ್ಸ್ಟ್ ಸ್ಟೆಪ್ಪು?" ಅಂದೆ.

"ಅದಿಲ್ಲದೆ ಯಾವ ಪ್ರೆಸೆಂಟೇಶನ್ನೂ ಮುಗಿಯಲ್ಲ ಕಣೇ. ಸುಮ್ನೆ ಬಾಯಿಪಾಠ ಮಾಡು."

ಮಾಡಿದೆ. ಒಗ್ಗರಣೆ ಹಾಕುತ್ತಾ, ಚಪಾತಿ ಲಟ್ಟಿಸುತ್ತಾ, ಬೆಳಗ್ಗೆ ಸಂಜೆ ಅದೇ ಪಾಠ. ಅವರು ಕಾಫಿ ಕುಡಿಯುತ್ತಾ ತಪ್ಪು ತಿದ್ದೋರು. ಹೀಗೆ ಹದಿನೈದು ದಿನ ನಡೆಯಿತು. ಒಂದು ದಿನ ಆಫೀಸಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದರು. ಮೀಟಿಂಗಿನಲ್ಲಿ ಹೊಸ ಸರ್ವರಿನ ಬಗ್ಗೆ ಹೇಳೋಕೆ ಎದ್ದವರು, "ಈ ಅಮೃತಶಿಲೆಯ ವಿಗ್ರಹವನ್ನು ನೋಡಿ" ಅಂತ ಶುರು ಮಾಡಿದರಂತೆ. "ಯಾರಾದ್ರೂ ನಕ್ಕರಾ?" ಅಂದೆ. "ಇಲ್ಲ ಕಣೇ, ಎಲ್ಲರೂ ಬರ್ಕೊಂಡ್ರು" ಅಂದರು.

ಹದಿನೈದನೆಯವಳು

ಹೈಸ್ಕೂಲಿನಲ್ಲಿದ್ದಾಗ ನಮ್ಮ ಕ್ಲಾಸಿನವರೆಲ್ಲ ಮೂರು ದಿನ ಹಂಪಿಗೆ ಟೂರು ಹೋದರು. ಹೆಣ್ಣುಮಕ್ಕಳನ್ನ ರಾತ್ರಿ ಹೊರಗೆ ಕಳಿಸಲ್ಲ ಅಂದುಬಿಟ್ಟರು ನಮ್ಮಪ್ಪ. ಬೆಳಗ್ಗೆ ಸ್ಕೂಲಿನ ಗೇಟಿನ ಹತ್ತಿರ ಹೋಗಿ, ಬಸ್ಸಿನಲ್ಲಿ ಕೂತವರಿಗೆ ಟಾಟಾ ಮಾಡಿ ಬಂದಿದ್ದೆ. ನ್ಯೂಅರ್ಕ್ ಏರ್‌ಪೋರ್ಟಿನಲ್ಲಿ ಹತ್ತೊಂಬತ್ತು ಇಪ್ಪತ್ತು ವರ್ಷದ ಹದಿಮೂರು ಮಕ್ಕಳ ಜೊತೆ ಸಾಲಿನಲ್ಲಿ ನಿಂತಾಗ ಅದು ನೆನಪಾಗಿ ನನಗೆ ಅಳು ಬಂತು. ಮಕ್ಕಳು ಗಾಬರಿಯಾಗಿ, "ಆಂಟಿ, ಆರ್ ಯು ಓಕೆ?" ಅಂದವು. ಚೆನ್ನಾಗಿದೀನಿ ಕಣ್ರೋ, ನನ್ನ ಜೀವನದ ಮೊದಲನೇ ಸ್ಕೂಲ್ ಟೂರು ಇದು ಅಂದೆ. ಅವತ್ತಿಂದ ಐದು ದಿನ ಆ ಮಕ್ಕಳು ಬಸ್ಸಿನ ಕಿಟಕಿ ಸೀಟು ನನಗೆ ಬಿಟ್ಟು ಬೇರೆ ಯಾರಿಗೂ ಕೊಡಲಿಲ್ಲ.

ಫ್ಲಾರೆನ್ಸಿನ ಓಣಿಗಳು ಸಪೂರ, ಸ್ಕೂಟರು ಎಲ್ಲಿಂದ ನುಗ್ಗತ್ತೆ ಅಂತ ಹೇಳೋಕಾಗಲ್ಲ. ರಸ್ತೆ ದಾಟುವಾಗ ಪಕ್ಕದಲ್ಲಿರೋ ಮಗುವಿನ ಕೈ ಹಿಡಿಯೋದು ನನ್ನ ಅಭ್ಯಾಸ, ಹಿಡಿದೆ. ದಾಟಿದ ಮೇಲೂ ಬಿಡಲಿಲ್ಲ. ಹೀಗೇ ಒಂದು ಚರ್ಚು ಕಳೆಯಿತು, ಒಂದು ಸೇತುವೆ ಕಳೆಯಿತು. ಸೇತುವೆಯ ಆಚೆ ಪ್ರೊಫೆಸರ್ ತಲೆ ಎಣಿಸಿದರು. ಹದಿನಾಲ್ಕು ಇರಬೇಕಾದದ್ದು ಹದಿನೈದು ಬಂತು. ಮತ್ತೆ ಎಣಿಸಿದರು, ಮತ್ತೆ ಹದಿನೈದು.

ಆಗ ನನ್ನ ಕೈ ತುದಿಯಲ್ಲಿದ್ದ ಹುಡುಗಿಯ ಮುಖ ನೋಡಿದೆ. ಈ ಮುಖ ನಮ್ಮ ಕ್ಲಾಸಿನದ್ದಲ್ಲ. ಜರ್ಮನಿಯಿಂದ ಓದೋಕೆ ಬಂದವಳಂತೆ, ಹಾಲು ತರೋಕೆ ಅಂಗಡಿಗೆ ಹೊರಟಿದ್ದಳಂತೆ.

"ಮೊದಲೇ ಹೇಳಬಾರದಾ ಮಗು?" ಅಂದೆ.

"ಅಮ್ಮನ್ನ ನೋಡಿ ನಾಲ್ಕು ತಿಂಗಳಾಯ್ತು. ನೀವು ಕೈ ಹಿಡಿದ್ರಿ, ಬಿಡಿಸಿಕೊಳ್ಳೋಕೆ ಮನಸ್ಸಾಗಲಿಲ್ಲ" ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಪ್ರೊಫೆಸರೂ ಎಣಿಸೋದು ನಿಲ್ಲಿಸಿದರು. ಆಮೇಲೆ ಆ ಹುಡುಗಿ ಅವರ ಕಡೆ ತಿರುಗಿ, "ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗ್ತಿದೀವಿ?" ಅಂತ ಕೇಳಿದಳು.

ಹತ್ತು ನಿಮಿಷ

ಕೊನೆಯ ದಿನ ನನ್ನ ಸರದಿ. ಚೌಕದ ತುಂಬಾ ಜನ. ಮಂಟಪದ ಮೆಟ್ಟಿಲ ಮುಂದೆ ನಮ್ಮ ಮಕ್ಕಳು ಸಾಲಾಗಿ ನಿಂತರು, ಪ್ರೊಫೆಸರ್ ಎಲ್ಲರ ಹಿಂದೆ ಪುಸ್ತಕ ಹಿಡಿದು ನಿಂತರು. ಪೇಪರ್ ನೋಡೋ ಹಾಗಿಲ್ಲ. ನಾನು ಬಾಯಿ ತೆಗೆದೆ. "ಗುಡ್ ಮಾರ್ನಿಂಗ್ ಟೀಮ್" ಅಂದೆ. ಅಷ್ಟೇ, ಮುಂದಿನದೆಲ್ಲ ಮಾಯ. ಹದಿನೈದು ದಿನದ ಬಾಯಿಪಾಠದಲ್ಲಿ ಒಂದು ಅಕ್ಷರ ಉಳಿದಿಲ್ಲ. ಹೋಯ್ತು, ಈ ಸಲವೂ ಡಿಗ್ರಿ ಅಟ್ಟಕ್ಕೆ ಅಂದುಕೊಂಡೆ.

ಯಾರೋ ಪ್ರವಾಸಿಗಳ ಪುಟ್ಟ ಹುಡುಗಿ, ನಾಲ್ಕೈದು ವರ್ಷದ್ದು, ನನ್ನ ಪಕ್ಕ ಬಂದು ವಿಗ್ರಹದ ಕಡೆ ಕೈ ತೋರಿಸಿ, "ಆ ಮಾಮ ಯಾಕೆ ಯಾರದೋ ತಲೆ ಕೈಲಿ ಹಿಡ್ಕೊಂಡಿದಾನೆ?" ಅಂತ ಇಂಗ್ಲಿಷಿನಲ್ಲಿ ಕೇಳಿತು.

ತಲೆ ಎತ್ತಿ ನೋಡಿದೆ. ಮೆಟ್ಟಿಲು, ಮೆಟ್ಟಿಲ ಮೇಲೆ ಸಾಲು ಸಾಲು ವಿಗ್ರಹ, ಎರಡು ಕಡೆ ಎರಡು ಸಿಂಹ, ಮುಂದೆ ಬಾಯಿ ಬಿಟ್ಟುಕೊಂಡು ನಿಂತ ಮಗು. ಅಯ್ಯೋ, ಇದು ನಮ್ಮನೆಯ ದಸರಾ ಗೊಂಬೆ ಅಲ್ಲವೇ? ಮೂವತ್ತಾರು ವರ್ಷದಿಂದ ಗೊಂಬೆ ಕೂರಿಸಿ, ನೋಡೋಕೆ ಬಂದ ನಮ್ಮ ಬೀದಿಯ ಮಕ್ಕಳಿಗೆಲ್ಲ ಒಂದೊಂದು ಗೊಂಬೆಯ ಕಥೆ ಹೇಳಿದವಳು ನಾನು. ಕೇಳಿದ ಮಗುವಿಗೆ ಒಂದು ದಿನವೂ ಗೊತ್ತಿಲ್ಲ ಅಂದವಳಲ್ಲ.

"ಬಾ ಇಲ್ಲಿ, ಹೇಳ್ತೀನಿ" ಅಂತ ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಆ ತಲೆ ಒಬ್ಬ ರಾಕ್ಷಸಿದು, ಅವಳ ಮುಖ ನೋಡಿದವರು ಕಲ್ಲಾಗ್ತಿದ್ದರು, ಹಾಗಾದರೆ ಅವನು ಹೇಗೆ ಹತ್ತಿರ ಹೋದ ಹೇಳು ನೋಡೋಣ ಅಂದೆ. ಈ ಸಿಂಹ ತುಂಬಾ ಹಳೇದು, ಆ ಸಿಂಹ ಜೊತೆಗಿರಲಿ ಅಂತ ಆಮೇಲೆ ಮಾಡಿಸಿದ್ದು. ನಮ್ಮನೇಲೂ ಹಾಗೇ, ಪಟ್ಟದ ರಾಜ ಅಜ್ಜಿ ಕಾಲದವನು, ರಾಣಿ ಒಡೆದುಹೋಗಿ ಎರಡನೆಯವಳನ್ನ ತಂದಿದೀವಿ ಅಂದೆ. ಯಾರೋ ನಕ್ಕರು. ಮಾತು ಇಂಗ್ಲಿಷಿನಲ್ಲೇ ಬರ್ತಿತ್ತು, ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನೋಡ್ತಾ ನೋಡ್ತಾ ಇನ್ನೊಂದಷ್ಟು ಮಕ್ಕಳು ಬಂದು ಕೂತವು, ಅವರ ಅಪ್ಪ ಅಮ್ಮಂದಿರು ಹಿಂದೆ ನಿಂತರು, ಐಸ್‌ಕ್ರೀಮ್ ತಿನ್ನುತ್ತಿದ್ದ ಮುದುಕರೂ ಬಂದರು.

ಕೊನೇ ಗೊಂಬೆಯ ಕಥೆ ಮುಗಿಯಿತು. ಗೊಂಬೆ ನೋಡಿದವರಿಗೆ ತಿಂಡಿ ಕೊಡದೆ ಕಳಿಸೋದುಂಟೇ? ಕೈ ತಾನಾಗೇ ಬ್ಯಾಗಿಗೆ ಹೋಯ್ತು. ದಾರಿಗೆ ಅಂತ ಕರಿದು ತಂದಿದ್ದ ಕೊಡುಬಳೆ ಡಬ್ಬಿ ತೆಗೆದು ಆ ಪುಟ್ಟ ಹುಡುಗಿಯಿಂದ ಶುರು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು. ಜನ ತಾವಾಗೇ ಸಾಲು ನಿಂತರು. ಎಲ್ಲಿಂದಲೋ ಒಬ್ಬ ಪೊಲೀಸಿನವನು ಏನು ಗಲಾಟೆ ಅಂತ ಬಂದ, ಅವನ ಕೈಗೂ ಒಂದು ಹಾಕಿದೆ, ಅವನೂ ಸಾಲಿನ ಪಕ್ಕ ನಿಂತು ಕಟುಂ ಕಟುಂ ಅಂತ ತಿಂದ.

ವಾಪಸ್ ಬಂದ ಮೇಲೆ ರಿಸಲ್ಟ್ ಬಂತು. ಪಾಸು. ಆ ಹತ್ತು ನಿಮಿಷಕ್ಕೆ 'ಎ ಮೈನಸ್'. ನಮ್ಮನೆಯವರು, ಮಗ, ನಾನು, ಮೂರೂ ಜನ ಕುಣಿದದ್ದೇ ಕುಣಿದದ್ದು. ಆದರೂ ನನಗೆ ಆ ಮೈನಸ್ಸು ಚುಚ್ಚುತ್ತಿತ್ತು. ಈಗ ಮಾತಾಡೋಕೆ ಹೆದರಿಕೆ ಬೇರೆ ಇರಲಿಲ್ಲವಲ್ಲ, ನೇರವಾಗಿ ಪ್ರೊಫೆಸರ ರೂಮಿಗೆ ಹೋಗಿ ಯಾಕೆ ಅಂತ ಕೇಳಿಯೇಬಿಟ್ಟೆ.

"ಹತ್ತು ನಿಮಿಷ ಅಂದಿದ್ದೆ, ನೀವು ಮುಕ್ಕಾಲು ಗಂಟೆ ತಗೊಂಡ್ರಿ" ಅಂದರು. ಆಮೇಲೆ ನಗುತ್ತಾ, "ಅದೂ ಅಲ್ಲದೆ ನಾನು ಎಲ್ಲರ ಹಿಂದೆ ನಿಂತಿದ್ದೆ. ಡಬ್ಬಿ ನನ್ನ ಹತ್ತಿರ ಬರೋ ಹೊತ್ತಿಗೆ ಖಾಲಿ" ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೊಂಬೆ ನೋಡೋಕೆ ಬಂದವರನ್ನ ಬರಿಗೈಯಲ್ಲಿ ಕಳಿಸಿದ್ದು ಅಷ್ಟು ವರ್ಷದಲ್ಲಿ ಅದೇ ಮೊದಲು. ಅವರು ಒಳ್ಳೆಯವರು, ಬರೀ ಮೈನಸ್ಸು ಹಾಕಿ ಬಿಟ್ಟರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಫೇಲ್ ಮಾಡಿರ್ತಿದ್ದೆ.