ಚಂದ್ರನ ತೂಕ

ಬೆಳಿಗ್ಗೆ ಎದ್ದ ಮಂಪರಿನಲ್ಲಿ, ಕನಸಿನ ಬಾಲ ಇನ್ನೂ ಕಣ್ಣಲ್ಲಿರುವಾಗಲೇ, ಅವನು ಒಂದು ಬಾಳೆಹಣ್ಣು ತಿಂದುಬಿಟ್ಟ. ಆದದ್ದು ಇಷ್ಟೇ. ಆ ಹೊತ್ತಿಗೆ ಊರಿನಲ್ಲಿ ಇನ್ನೂ ಎಷ್ಟೋ ಜನ ಬಾಳೆಹಣ್ಣು ತಿಂದಿರಬೇಕು. ಅವರಿಗೆ ಯಾರಿಗೂ ಏನೂ ಆಗಲಿಲ್ಲ. ಇವನಿಗೆ ಮಾತ್ರ ಆ ಒಂದು ಹಣ್ಣು ಇಡೀ ದಿನಕ್ಕಾಗುವಷ್ಟು ಫಜೀತಿ ತಂದಿತು.

"ಪರವಾಗಿಲ್ಲ ಬಿಡಿ, ಹಣ್ಣಿಗೆ ಸೊನ್ನೆ ಪಾಯಿಂಟ್," ಎಂದಳು ಹೆಂಡತಿ, ಸಿಪ್ಪೆ ನೋಡಿ. "ಬೇಕಾದ್ರೆ ಇನ್ನೊಂದು ತಿನ್ನಿ. ಬ್ರೆಡ್ಡಿನ ಕಡೆ ಮಾತ್ರ ಕಣ್ಣು ಹಾಕಬೇಡಿ."

"ಅಕ್ಕ ಕೇಳಿದ್ರೆ?"

"ಅತ್ತಿಗೆ ಕೇಳಿದ್ರೆ ನನ್ನ ಹೆಸರು ಹೇಳಿ. ನಾನೇನು ಹೆದರ್ತೀನಾ?"

ಹೆದರುವವನು ಅವನು. ಆದರೆ ಅದನ್ನು ಯಾರು ಕೇಳುತ್ತಾರೆ?

ಅವನು ನಾಟಕಶಾಲೆಯಲ್ಲಿ ಟಿಕೆಟ್ ಕೊಡುವವನು. ಮುಂಬಾಗಿಲ ಪಕ್ಕದಲ್ಲಿ ಒಂದು ಗೂಡು, ಗೂಡಿಗೊಂದು ಕಿಟಕಿ, ಕಿಟಕಿಯಲ್ಲಿ ಅವನ ದುಂಡು ಮುಖ. ಹೀಗಾಗಿ ಎಲ್ಲರೂ ಅವನನ್ನು ಕಿಟಕಿ ಎಂದೇ ಕರೆಯುತ್ತಿದ್ದರು. ನಾಟಕ ಅರ್ಧ ಆದಮೇಲೆ ಓಡಿಬರುವ ಪುಣ್ಯಾತ್ಮರಿಗಾಗಿ ಆ ಗೂಡು ಕೊನೆಯವರೆಗೂ ತೆರೆದಿರಬೇಕು. ಆದ್ದರಿಂದ ಇಷ್ಟು ವರ್ಷಗಳಲ್ಲಿ ಅವನು ಒಂದು ನಾಟಕವನ್ನೂ ಕಂಡವನಲ್ಲ, ಗೋಡೆಯ ಈಚೆ ಕೂತು ಕೇಳಿದವನು. ಕೇಳಿ ಕೇಳಿ ಎಲ್ಲ ನಾಟಕಗಳೂ ಬಾಯಿಪಾಠ. ದೋಣಿಯ ನಾಟಕ ಒಂದನ್ನು ಬಿಟ್ಟು.

ವರ್ಷಕ್ಕೊಮ್ಮೆ ಕೆಲವು ದಿನ ಸತತವಾಗಿ ಆಡುವ ಆ ನಾಟಕದ ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ. ದಡದಲ್ಲಿ ಹುಡುಗಿ ಕಾಯುತ್ತಿರುತ್ತಾಳೆ, ಗುಡ್ಡದ ಹಿಂದಿನಿಂದ ಚಂದ್ರ ಮೇಲೇರುತ್ತಾನೆ, ಆಮೇಲೆ ಏನೋ ಆಗುತ್ತದೆ. ಆ ಏನೋ ಏನೆಂದು ಅವನಿಗೆ ಗೊತ್ತಿಲ್ಲ. ಗೋಡೆಯಾಚೆ ಬರೀ ಮೌನ, ಮೌನದ ನಂತರ ಚಪ್ಪಾಳೆ, ಚಪ್ಪಾಳೆಯ ನಂತರ ಕಣ್ಣೊರೆಸಿಕೊಳ್ಳುತ್ತ ಹೊರಬರುವ ಜನ. "ಕೊನೇಲಿ ಏನಾಯ್ತು ಸ್ವಾಮಿ?" ಎಂದರೆ, "ಅದನ್ನ ಹೇಳೋಕಾಗಲ್ಲ ಕಿಟಕಿ, ನೋಡಬೇಕು," ಎಂದು ಮೂಗು ಸೀನಿಕೊಂಡು ಹೋಗುತ್ತಾರೆ. ಅವನು ಎಷ್ಟೋ ರಾತ್ರಿ ಆ ಕೊನೆಯನ್ನು ಕನಸಿನಲ್ಲಿ ತಾನೇ ಕಟ್ಟಿಕೊಂಡಿದ್ದ. ಒಮ್ಮೆ ಹುಡುಗಿ ನೀರಿನ ಮೇಲೆ ನಡೆದುಹೋಗುತ್ತಿದ್ದಳು, ಒಮ್ಮೆ ದೋಣಿಯೇ ಆಕಾಶಕ್ಕೆ ತೇಲುತ್ತಿತ್ತು. ಎಚ್ಚರವಾದಾಗ ಯಾವುದೂ ಸರಿಯೆನಿಸುತ್ತಿರಲಿಲ್ಲ.

ಈ ಸಲ ಅದೃಷ್ಟ ಕಿಟಕಿಯೊಳಗೇ ತಲೆ ಹಾಕಿತ್ತು. ಮರದ ಚಂದ್ರನ ಮೇಲೆ ಬೆಳ್ಳಿಬಣ್ಣದ ಅಂಗಿ ತೊಟ್ಟು ಕೂರುತ್ತಿದ್ದ ಸಣಕಲ ಊರು ಬಿಟ್ಟು ಹೋಗಿದ್ದ. ನಿರ್ದೇಶಕರು ಟಿಕೆಟ್ ಗೂಡಿನ ಮುಂದೆ ನಿಂತು ಇವನನ್ನೇ ದಿಟ್ಟಿಸಿ, "ಇದೇ! ಇದೇ ಚಂದ್ರನ ಮುಖ!" ಎಂದು ಕೂಗಿದ್ದರು.

ಮುಖ ಚಂದ್ರನದೇ, ಒಪ್ಪೋಣ. ಆದರೆ ಮುಖದ ಕೆಳಗೂ ಸಾಕಷ್ಟಿತ್ತು. ಪರದೆ, ಹಗ್ಗ, ರಾಟೆ ನೋಡಿಕೊಳ್ಳುವ ಹಗ್ಗದಜ್ಜ ಅವನನ್ನು ಚಂದ್ರನ ಮೇಲೆ ಕೂರಿಸಿ ನೋಡಿದ. ಹಗ್ಗದ ಒಂದು ತುದಿಗೆ ಚಂದ್ರ, ರಾಟೆಯ ಆಚೆ ಇನ್ನೊಂದು ತುದಿಗೆ ಮರಳಿನ ಚೀಲ. ಎರಡೂ ಸರಿಸಮ ತೂಗಿದರೆ ಸಾಕು, ಎರಡು ಬೆರಳಲ್ಲಿ ಎಳೆದರೂ ಚಂದ್ರ ಏರುತ್ತಾನೆ. ಇವನ ತೂಕಕ್ಕೆ ಸರಿಯಾಗಿ ಅಜ್ಜ ಮರಳು ತುಂಬಿದ. ಮೇಲಿನ ಹಳೇ ತೊಲೆ ಮುದುಕಿಯ ಹಾಗೆ ನರಳಿತು.

"ಆರು ಕಿಲೋ ಇಳಿಸ್ಕೊಂಡು ಬಾರಪ್ಪ," ಎಂದಿದ್ದ ಅಜ್ಜ. "ಇಲ್ಲಾಂದ್ರೆ ಕಾಗದದ ಚಂದ್ರ ಮಾಡಿ ಒಳಗೊಂದು ಬಲ್ಬು ಇಡ್ತೀವಿ."

"ಮುಖ ಮಾತ್ರ ಇಳೀಬಾರದು," ಎಂದಿದ್ದರು ನಿರ್ದೇಶಕರು.

ಅಂದಿನಿಂದ ಅವನ ಹೊಟ್ಟೆ ಎರಡು ಪಕ್ಷಗಳ ಚುನಾವಣಾ ಮೈದಾನವಾಯಿತು. ಹೆಂಡತಿಯದು ಪಾಯಿಂಟ್ ಪಕ್ಷ. ದಿನಕ್ಕೆ ಇಷ್ಟೇ ಪಾಯಿಂಟ್ ಎಂದು ಪಡಿ. ಹಣ್ಣು, ಬೇಯಿಸಿದ ತರಕಾರಿಗೆ ಸೊನ್ನೆ; ಬ್ರೆಡ್ಡಿಗೆ ಎರಡು; ಕೇಕಿಗೆ ಒಂಬತ್ತು, ಅಂದರೆ ಒಂದು ತುಂಡು ತಿಂದರೆ ರಾತ್ರಿಯೂಟ ಮರೆತುಬಿಡಬೇಕು. ನಾಟಕಶಾಲೆಯಲ್ಲೇ ವೇಷಭೂಷಣ ಹೊಲಿಯುವ ಅಕ್ಕನದು ಕ್ಯಾಲೊರಿ ಪಕ್ಷ. ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಪುಟ್ಟ ತಕ್ಕಡಿಯಿತ್ತು. ಒಂದೇ ಒಂದು ದ್ರಾಕ್ಷಿಯನ್ನೂ ಅವಳು ತೂಗದೆ ಬಿಟ್ಟವಳಲ್ಲ. "ಏನು ಬೇಕಾದ್ರೂ ತಿನ್ನು, ಲೆಕ್ಕ ಕೊಟ್ಟು ತಿನ್ನು," ಎನ್ನುವುದು ಅವಳ ನ್ಯಾಯ.

ಮನೆಯಲ್ಲಿದ್ದಾಗ ಅವನು ಪಾಯಿಂಟ್, ನಾಟಕಶಾಲೆಯಲ್ಲಿ ಕ್ಯಾಲೊರಿ. ಇವಳು ಬಿಟ್ಟದ್ದನ್ನು ಅವಳು ಹಿಡಿಯುತ್ತಿದ್ದಳು, ಅವಳು ಬಿಟ್ಟದ್ದನ್ನು ಇವಳು. ಕೊನೆಗೆ ಇಬ್ಬರೂ ತಕರಾರಿಲ್ಲದೆ ಒಪ್ಪಿದ ಪದಾರ್ಥ ಸೌತೆಕಾಯಿ ಒಂದೇ. ಪಾಪ, ಅವನು ಬದುಕಿದ್ದು ಸೌತೆಕಾಯಿಯ ಮೇಲೆ ಮತ್ತು ಚಂದ್ರನ ಮೇಲೆ.

ಬಾಳೆಹಣ್ಣು ತಿಂದ ಆ ದಿನವೇ ದೋಣಿಯ ನಾಟಕದ ಈ ಸಲದ ಮೊದಲ ಪ್ರದರ್ಶನ. ಬೆಳಿಗ್ಗೆ ಹೆಂಡತಿ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಕಿರುಚಿಯೇಬಿಟ್ಟಳು. "ಆರು ಕಿಲೋ ಹೋಗಿದೆ ರೀ! ನೋಡಿ ನನ್ನ ಪಾಯಿಂಟಿನ ಮಹಿಮೆ!"

ನಾಟಕಶಾಲೆಯಲ್ಲಿ ಅಕ್ಕ ಮೊದಲು ಅವನ ಬಾಯಿ ಮೂಸಿದಳು.

"ಬಾಳೆಹಣ್ಣು ತಿಂದಿದೀಯ."

"ಸೊನ್ನೆ ಅಂತೆ ಅಕ್ಕ..."

"ಸೊನ್ನೆ? ಗಂಟಲಲ್ಲಿ ಇಳಿದ ಹಣ್ಣು ಹೊಟ್ಟೇಲಿ ಮಾಯ ಆಗತ್ತೇನೋ? ನೂರು ಕ್ಯಾಲೊರಿ ಕಣೋ ಅದು! ಮಧ್ಯಾಹ್ನದ ಬ್ರೆಡ್ಡು ಕಟ್." ಆದರೂ ಅವನನ್ನು ತನ್ನ ಕೋಣೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಅವಳ ಮುಖ ಅರಳಿತು. "ಆರು! ಪೂರ್ತಿ ಆರು! ನಾನು ಲೆಕ್ಕ ಇಟ್ಟಿದ್ದಕ್ಕೆ ನೀನು ಉಳಿದೆ. ಇರು, ಅಜ್ಜನಿಗೆ ಹೇಳಿಬರ್ತೀನಿ."

ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ರಂಗದ ಹಿಂದಕ್ಕೆ ಓಡಿದಳು. ಚಂದ್ರನಿಗೆ ಆಗತಾನೇ ಬೆಳ್ಳಿಬಣ್ಣ ಬಳಿದಿದ್ದರಿಂದ ಸಂಜೆಯವರೆಗೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಕೂತು ಏರಿ ನೋಡುವುದೆಲ್ಲ ನೇರ ಪ್ರದರ್ಶನದಲ್ಲೇ.

ಮಧ್ಯಾಹ್ನ ಕಿಟಕಿಯ ಮುಂದೆ ಸಾಲು ಬೆಳೆಯಿತು. ಬ್ರೆಡ್ಡು ಕಟ್ ಆದ ಹೊಟ್ಟೆ. ಬಿಸಿಲು ಮೆಲ್ಲಗೆ ಗೂಡಿನೊಳಗೆ ಜಾರಿತು. ಕಣ್ಣು ತೆರೆದಿದ್ದಂತೆಯೇ ಅವನು ತೇಲತೊಡಗಿದ. ಅವನು ಚಂದ್ರನ ಮೇಲಿದ್ದ. ಕೆಳಗೆ ನೀಲಿ ನೀರು, ನೀರಿನಾಚೆ ಸಾವಿರ ತಲೆಗಳು, ದಡದಲ್ಲಿ ಹುಡುಗಿ. ಅವಳು ಮೆಲ್ಲಗೆ ತಿರುಗಿದಳು, ಇನ್ನೇನು ಮಾಡಿಬಿಡುತ್ತಾಳೆ...

"ಎರಡು ಟಿಕೆಟ್ ಕೊಡಿ."

"ಒಂದಕ್ಕೆ ಎಷ್ಟು ಪಾಯಿಂಟ್?" ಎಂದ ಕಿಟಕಿ.

"ಏನಂದ್ರಿ?"

"ಅಲ್ಲ, ಕ್ಷಮಿಸಿ. ತಗೊಳ್ಳಿ, ಮುಂದಿನ ಸಾಲು." ಕೈಗೆ ಸಿಕ್ಕಷ್ಟು ಕೊಟ್ಟುಬಿಟ್ಟ. ಗಿರಾಕಿ ಎಣಿಸಿ ನೋಡಿದರೆ ಇಡೀ ಸಾಲೇ ಅವರದಾಗಿತ್ತು.

ಆ ಗಲಾಟೆ ಸರಿಪಡಿಸುವಷ್ಟರಲ್ಲಿ ನಿರ್ದೇಶಕರು ಮೊದಲ ದಿನದ ಖುಷಿಗೆ ಎಲ್ಲರಿಗೂ ಕೇಕ್ ಹಂಚಿಸಿದರು. ಒಂದು ತುಂಡು ತಟ್ಟೆಯಲ್ಲಿ ಕಿಟಕಿಗೂ ಬಂತು. ಎಂಥ ತುಂಡು! ಮೇಲೆ ಕೆನೆ, ಕೆನೆಯ ಮೇಲೆ ಕೆಂಪು ಹಣ್ಣು. ಅವನ ಕಣ್ಣಲ್ಲಿ ನೀರು ಬಂದದ್ದು ನಿಜ, ನಾನೇಕೆ ಮುಚ್ಚಿಡಲಿ? ಅವನು ಚಮಚ ಎತ್ತುವುದಕ್ಕೂ, ಅಜ್ಜನಿಗೆ ಏನೋ ಹೇಳಿ ರಂಗದ ಹಿಂದಿನಿಂದ ಹೆಂಡತಿ ನಗುನಗುತ್ತ ಬರುವುದಕ್ಕೂ, ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಅಕ್ಕ ಆ ಕಡೆಯಿಂದ ಬರುವುದಕ್ಕೂ ಸರಿಹೋಯಿತು.

"ಒಂಬತ್ತು ಪಾಯಿಂಟ್! ಕೆಳಗಿಡಿ ಅದನ್ನ!"

"ತಿನ್ನಲಿ ಬಿಡೇ. ಬೆಳಿಗ್ಗೆಯಿಂದ ಇನ್ನೂರು ಕ್ಯಾಲೊರಿ ದಾಟಿಲ್ಲ, ಅರ್ಧ ತುಂಡಿಗೆ ಜಾಗ ಇದೆ."

"ಅತ್ತಿಗೆ, ಕ್ಯಾಲೊರಿ ಅಂದ್ರೆ ಕೇಕೂ ಒಂದೇ, ಕ್ಯಾರೆಟ್ಟೂ ಒಂದೇ ನಿಮಗೆ. ಮೈಗೆ ಯಾವುದು ಒಳ್ಳೇದು ಅಂತ ನಮ್ಮಲ್ಲಿ ಪಾಯಿಂಟೇ ಹೇಳತ್ತೆ."

"ಹೇಳತ್ತೆ, ಹೇಳತ್ತೆ. ಸೊನ್ನೆ ಅಂತ ಒಂದು ಬುಟ್ಟಿ ಹಣ್ಣು ತಿಂದು ಉಬ್ಬಿದ್ರೂ ಸೊನ್ನೆ ಅಂತಾನೇ ಹೇಳತ್ತೆ."

ಸಾಲು ಟಿಕೆಟ್ ಮರೆತು ಹತ್ತಿರ ಸರಿಯಿತು. "ಪಾಯಿಂಟೇ ಸುಲಭ ಕಣ್ರೀ, ಲೆಕ್ಕ ಕಮ್ಮಿ," ಎಂದರು ಕನ್ನಡಕದ ಮಾಸ್ತರು. "ಸುಲಭ ಅಂತ ಹಿಡಿದೇ ನಮ್ಮೆಜಮಾನ್ರು ಇಮ್ಮಡಿಯಾದ್ರು," ಎಂದರು ಹಿಂದಿನ ದಪ್ಪ ಜಡೆಯವರು. "ಎರಡೂ ಬೇಡ, ಬಾಯಿಗೆ ಹೊಲಿಗೆ ಹಾಕಿ!" ಎಂದು ಯಾರೋ ಹಿಂದಿನಿಂದ ಕೂಗಿದರು.

"ನೋಡಿ ಎಲ್ರೂ," ಎಂದು ಹೆಂಡತಿ ಚಮಚ ಕಿತ್ತುಕೊಂಡು ಒಂದು ಚೂರು ಕತ್ತರಿಸಿದಳು. "ಇಷ್ಟಕ್ಕೆ ಒಂದು ಪಾಯಿಂಟ್." ತೋರಿಸಿದ ಚೂರನ್ನು ಮತ್ತೆ ತಟ್ಟೆಗೆ ಹಾಕುವುದು ಚೆನ್ನಾಗಿರುವುದಿಲ್ಲವೆಂದು ಬಾಯಿಗೆ ಹಾಕಿಕೊಂಡಳು.

"ಇಷ್ಟಕ್ಕೆ ಐವತ್ತು ಕ್ಯಾಲೊರಿ," ಎಂದು ಅಕ್ಕ ಇನ್ನೊಂದು ಚೂರು ತೋರಿಸಿ ನುಂಗಿದಳು.

"ಕೆನೆ ಸೇರಿದ್ರೆ ಇಷ್ಟಕ್ಕೇ ಎರಡು ಪಾಯಿಂಟ್."

"ಕೆನೆ ಬಿಟ್ಟು ನೋಡು, ಇಷ್ಟೂ ಬರೀ ನಲವತ್ತು."

ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ತಟ್ಟೆ ಖಾಲಿಯಾಗುವವರೆಗೂ ಯಾರೂ ಸೋಲಲಿಲ್ಲ. ಕೊನೆಗೆ ಉಳಿದ ಕೆಂಪು ಹಣ್ಣನ್ನು ಮಾಸ್ತರು, "ಇದು ಸೊನ್ನೆ ಅಲ್ವಾ?" ಎಂದು ಕೇಳಿ ತಾವೇ ತಿಂದರು. ಕಿಟಕಿ ಬರಿದಾದ ತಟ್ಟೆಯನ್ನೇ ನೋಡುತ್ತ ಕೂತ. ಅಳು ಬರುವ ಹಾಗಿತ್ತು. ಆದರೆ ಸಂಜೆಯ ಚಂದ್ರ ನೆನಪಾಗಿ ಮುಂದಿನ ಟಿಕೆಟ್ ಹರಿದುಕೊಟ್ಟ.

ಸಂಜೆ ಗೂಡಿನಲ್ಲಿ ಬಾಗಿಲು ಕಾಯುವವನನ್ನು ಕೂರಿಸಿ ಅವನು ಒಳಗೆ ಹೋದ. ಅಕ್ಕ ಬೆಳ್ಳಿಯಂಗಿ ತೊಡಿಸಿದಳು, ಮುಖಕ್ಕೆ ಬಿಳಿ ಬಳಿದರು. ಹಲಗೆಯ ಗುಡ್ಡದ ಹಿಂದೆ, ನೆಲದ ಮೇಲೆ, ಚಂದ್ರ ತಣ್ಣಗೆ ಹೊಳೆಯುತ್ತಿತ್ತು. ಅವನು ಅದರ ತೊಡೆಯೇರಿ ಕೂತು ಸೊಂಟದ ಪಟ್ಟಿ ಬಿಗಿದುಕೊಂಡ. ಹಸಿವು ಎಂಬುದು ಈಗ ನೋವಾಗಿರಲಿಲ್ಲ, ಒಂದು ಬಗೆಯ ಹಗುರತನವಾಗಿತ್ತು; ಪಟ್ಟಿ ಬಿಚ್ಚಿದರೆ ಹಗ್ಗವಿಲ್ಲದೆಯೇ ಮೇಲೇರಿಬಿಡುತ್ತೇನೆ ಅನಿಸಿತು. ಆಚೆ ನಾಟಕ ನಡೆಯಿತು. ಮಾತು ಒಂದೊಂದಾಗಿ ಕಡಿಮೆಯಾಗಿ, ಕಡೆಗೆ ನಿಂತೇಹೋಯಿತು. ಗುಡ್ಡದ ಹಿಂದೆ ಬಿಳಿ ದೀಪ ಹತ್ತಿತು. ಕೊಳಲು ಶುರುವಾಯಿತು. ಅವನು ಕಣ್ಣರಳಿಸಿ ಉಸಿರು ಬಿಗಿಹಿಡಿದ.

ಹಗ್ಗ ಬಿಗಿಯಾಯಿತು. ಚಂದ್ರ ಒಂದು ಗೇಣು ಏರಿತು. ಅವನ ನೆತ್ತಿಯ ಬೆಳ್ಳಿಟೋಪಿಯ ಅಂಚು ಗುಡ್ಡದ ಮೇಲೆ ಇಣುಕಿತು. ಇನ್ನೊಂದು ಗೇಣು ಏರಿದ್ದರೆ ಕಣ್ಣು ದಾಟುತ್ತಿತ್ತು. ಅಷ್ಟರಲ್ಲಿ ಚಂದ್ರ ನಿಟ್ಟುಸಿರುಬಿಟ್ಟ ಹಾಗೆ ಮತ್ತೆ ಕೆಳಗೆ ಕೂತಿತು.

"ಎಳೀರಿ ಅಜ್ಜ!" ಅವನು ಪಿಸುಗುಟ್ಟಿದ.

"ಎಳೀತಾ ಇದೀನಪ್ಪ," ಅಜ್ಜ ಹಲ್ಲು ಕಚ್ಚಿ ಏದುಸಿರು ಬಿಟ್ಟ. "ನೀನು ಇಳಿದಿರೋದು ಹನ್ನೆರಡಲ್ವಾ? ಇಷ್ಟು ಭಾರ ಎಲ್ಲಿಂದ ಬಂತು?"

"ಆರು ಅಜ್ಜ! ಆರೇ!"

"ಪಾಯಿಂಟಲ್ಲಿ ಆರು ಹೋಗಿದೆ ಅಂತ ನಿನ್ನ ಹೆಂಡ್ತಿ ಬಂದು ಹೇಳಿದಳು. ಕ್ಯಾಲೊರೀಲಿ ಆರು ಹೋಗಿದೆ ಅಂತ ನಿಮ್ಮಕ್ಕ ಹೇಳಿದಳು. ಅದಕ್ಕಾರು, ಇದಕ್ಕಾರು. ಹನ್ನೆರಡು ಕಿಲೋ ಮರಳು ತೆಗೆದುಬಿಟ್ಟೆ."

ಚೀಲ ಈಗ ಮೇಲೆ ತೊಲೆಯ ಹತ್ತಿರ ನೇತಾಡುತ್ತಿತ್ತು. ಅದಕ್ಕೆ ಒಂದು ಹಿಡಿ ಮರಳು ಸೇರಿಸುವುದೂ ಸಾಧ್ಯವಿರಲಿಲ್ಲ. ಪಕ್ಕದ ಪರದೆಯ ಮರೆಯಿಂದ ಹೆಂಡತಿ ಓಡಿಬಂದಳು, ಅಕ್ಕ ಓಡಿಬಂದಳು. "ನಂದೇ ಆರು ಅಜ್ಜ, ಅವರದು ಸೇರಿಸಬಾರದಿತ್ತು!" "ಇವಳದೇನು ಮಣ್ಣು, ಇಳಿಸಿದ್ದು ನಾನು!" ಮೂವರೂ ಹಗ್ಗ ಹಿಡಿದು ಪಿಸುದನಿಯಲ್ಲೇ ಕಚ್ಚಾಡಿದರು. ಒಬ್ಬಳು ಎಳೆದಾಗ ಇನ್ನೊಬ್ಬಳು ಬಿಟ್ಟಳು. ಚಂದ್ರ ಗೇಣು ಏರಿತು, ಗೇಣು ಇಳಿಯಿತು.

ಕಿಟಕಿ ಕುತ್ತಿಗೆ ಚಾಚಿದ. ಕಣ್ಣೆದುರು ಗುಡ್ಡದ ಹಿಂಬದಿ, ಹಲಗೆಗೆ ಹೊಡೆದ ಮೊಳೆಗಳು. ಎದ್ದು ನಿಲ್ಲಲು ಹೋದರೆ ಪಟ್ಟಿ ಬಿಡಲಿಲ್ಲ. ಆಚೆ ಮೌನ. ಒಂದು ಹೆಜ್ಜೆಯ ಸದ್ದು. ನೀರಿಗೆ ಏನೋ ತಾಗಿದ ಸದ್ದು. ಸಭಾಂಗಣದ ಉಸಿರು ಒಟ್ಟಿಗೇ ನಿಂತದ್ದು ಅವನಿಗೆ ಕೇಳಿಸಿತು. ಆಮೇಲೆ ಕಿವಿ ಗಡಚಿಕ್ಕುವ ಚಪ್ಪಾಳೆ.

ಪರದೆ ಬೀಳುತ್ತಲೇ ನಿರ್ದೇಶಕರು ಧಾವಿಸಿ ಬಂದರು. ಮುಗೀತು, ಇನ್ನು ಬಲ್ಬೇ ಗತಿ ಎಂದು ಕಿಟಕಿ ಕಣ್ಣು ಮುಚ್ಚಿದ. ನಿರ್ದೇಶಕರು ಅವನನ್ನು ಪಟ್ಟಿ ಸಮೇತ ತಬ್ಬಿಕೊಂಡರು.

"ಏರದ ಚಂದ್ರ! ಗುಡ್ಡದ ಹಿಂದೆ ಬೆಳಕು ಉಸಿರಾಡೋದು, ಇನ್ನೇನು ಬಂದ ಅನ್ನೋಷ್ಟರಲ್ಲಿ ಬಾರದೇ ಹೋಗೋದು! ಇಷ್ಟು ವರ್ಷ ನನಗೆ ಹೊಳೀಲಿಲ್ಲವಲ್ಲಯ್ಯ! ದಿನಾ ಹೀಗೇ ಆಗಬೇಕು. ಅಜ್ಜ, ಮರಳು ಮುಟ್ಟಬೇಡ. ಕಿಟಕಿ, ನೀನು ಒಂದು ಗ್ರಾಮ್ ಏರಬಾರದು, ಒಂದು ಗ್ರಾಮ್ ಇಳೀಬಾರದು."

"ಸಾರ್, ನನಗೊಂದ್ಸಲ ಮೇಲೆ ಹೋಗಿ..."

"ನೀನು ಮೇಲೆ ಹೋದ್ರೆ ನಾಟಕ ಬಿತ್ತು!" ಎಂದು ನಿರ್ದೇಶಕರು ಎಲ್ಲರ ಕೈ ಕುಲುಕುತ್ತ ಹೊರಟೇಹೋದರು.

ಹೆಂಡತಿ ಆಗಲೇ ಬೆರಳು ಮಡಿಸುತ್ತಿದ್ದಳು. "ಇಳಿಸೋದು ಬೇರೆ ಅತ್ತಿಗೆ, ಉಳಿಸಿಕೊಳ್ಳೋದು ಬೇರೆ. ಅದಕ್ಕೆ ಪಾಯಿಂಟೇ ಸರಿ."

"ಗ್ರಾಮ್ ಲೆಕ್ಕ ಕೇಳಿದಾರೆ ಕಣೇ. ಗ್ರಾಮಿಗೆ ಕ್ಯಾಲೊರೀನೇ ಆಗಬೇಕು."

"ಅಲ್ರೇ," ಎಂದ ಅವನು, ಇನ್ನೂ ಚಂದ್ರನ ಮೇಲೇ ಕೂತು. "ಪಕ್ಕದಲ್ಲೇ ಇದ್ರಲ್ಲ. ಕೊನೇಲಿ ಏನಾಯ್ತು? ಅವಳು ಏನು ಮಾಡಿದಳು?"



"ನಾವೆಲ್ಲಿ ನೋಡಿದ್ವಿ ರೀ," ಎಂದಳು ಹೆಂಡತಿ. "ನಿಮ್ಮ ಹಗ್ಗ ಹಿಡ್ಕೊಂಡಿದ್ವಲ್ಲ."

"ನಾಳೆ ನೋಡಿ ಹೇಳ್ತೀವಿ ಬಿಡೋ," ಎಂದಳು ಅಕ್ಕ, ಅವನ ಸೊಂಟದ ಪಟ್ಟಿ ಬಿಚ್ಚುತ್ತ. "ಮೊದಲು ಬಾ, ತೂಕ ನೋಡೋಣ."